ಡ್ರೈವರಿಲ್ಲದ ಬಸ್ಸಿನ ಕೈಗೆ ಬುತ್ತಿ ಕೊಟ್ಟದ್ದು

ಸಾಸ್ವೆಹಳ್ಳಿ ತಿರುವು

ಫಿನ್ಲೆಂಡಿಗೆ ಹೋಗಿ ಬಂದೆ ಎಂದರೆ ಜನ ಮೊದಲು ಕೇಳುವುದು ಚಳಿಯ ಬಗ್ಗೆ. ಆಮೇಲೆ ಕೇಳುವುದು, ಅಲ್ಲಿ ಬಸ್ಸು ಡ್ರೈವರಿಲ್ಲದೆ ಓಡುತ್ತದಂತಲ್ಲ, ನಿಜವೇ ಎಂದು. ಚಳಿಯೂ ನಿಜ, ಬಸ್ಸೂ ನಿಜ. ಆದರೆ ಆ ಬಸ್ಸು ಒಂದು ಇಡೀ ಮಧ್ಯಾಹ್ನ ಅಲುಗಾಡದೆ ನಿಂತಿತ್ತು, ನಿಲ್ಲಿಸಿದವಳು ನಾನು. ನನ್ನ ಜೊತೆ ಬಂದಿದ್ದ ತಿಪ್ಪೇಸ್ವಾಮಿ ಸರ್ ಇದನ್ನು ಉಪ್ಪು ಖಾರ ಹಚ್ಚಿ ಊರೆಲ್ಲ ಹೇಳುವ ಮೊದಲು ನಾನೇ ಬರೆದುಬಿಡುವುದು ಕ್ಷೇಮ.

ನಾನು ಹೊನ್ನಾಳಿಯ ಒಂದು ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಪಾಠ ಮಾಡುವವಳು. ರಸ್ತೆ, ಸೇತುವೆ, ಕಾಂಕ್ರೀಟು ಯಾವುದನ್ನಾದರೂ ಕೇಳಿ, ಹೇಳುತ್ತೇನೆ. ಅಡುಗೆಯನ್ನು ಮಾತ್ರ ಕೇಳಬೇಡಿ. ನನ್ನ ಸಾರನ್ನು ಒಮ್ಮೆ ಉಂಡವರು ಎರಡನೇ ಸಲ ನಮ್ಮ ಮನೆಗೆ ಊಟ ಮುಗಿಸಿಕೊಂಡೇ ಬರುತ್ತಾರೆ. ಹಾಗಾಗಿ ನನ್ನ ಮಧ್ಯಾಹ್ನದ ಊಟ ಸಾಸ್ವೆಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತದೆ.

ಕಳಿಸುವವಳು ಹಾಲಮ್ಮ. ಬೆಳಗಾಗುತ್ತಲೇ ರೊಟ್ಟಿ ತಟ್ಟಿ, ಪಲ್ಯ ಮಾಡಿ, ಸ್ಟೀಲ್ ಕ್ಯಾರಿಯರ್‌ಗಳಿಗೆ ತುಂಬಿ, ಒಂದೊಂದರ ಹಿಡಿಗೂ ಒಂದೊಂದು ಬಣ್ಣದ ದಾರ ಕಟ್ಟಿ ಊರ ತಿರುವಿಗೆ ತಂದು ನಿಲ್ಲುತ್ತಾಳೆ. ಜನ ಹತ್ತುವ ಸ್ಟಾಪು ಬೇರೆಡೆ ಇದ್ದರೂ ಚನ್ನಗಿರಿ ಕಡೆಯಿಂದ ಬರುವ ಬಸ್ಸು ಅವಳಿಗಾಗಿ ಅಲ್ಲಿ ನಿಲ್ಲುತ್ತದೆ. ಡ್ರೈವರ್ ಪರಮೇಶಪ್ಪ ಕೈ ಚಾಚಿ ಕ್ಯಾರಿಯರ್‌ಗಳನ್ನು ತೆಗೆದುಕೊಂಡು ಎಂಜಿನ್ನಿನ ಪಕ್ಕ ಸಾಲಾಗಿ ಕೂರಿಸುತ್ತಾನೆ. ಹೊನ್ನಾಳಿ ಸ್ಟ್ಯಾಂಡಿನಲ್ಲಿ ಹಾಸ್ಟೆಲ್ ಹುಡುಗಿಯರು, ಆಸ್ಪತ್ರೆಯ ನರ್ಸು, ಟೈಲರು, ನಾನು, ಎಲ್ಲರೂ ನಮ್ಮ ನಮ್ಮ ದಾರ ನೋಡಿ ಎತ್ತಿಕೊಳ್ಳುತ್ತೇವೆ. ಹಾಲಮ್ಮನ ಸಂಸಾರ ನಡೆಯುವುದು ಈ ಕ್ಯಾರಿಯರ್‌ಗಳ ಮೇಲೆ. ಅವಳು ಆ ಬಸ್ಸನ್ನು ಹತ್ತುವುದಿಲ್ಲ, ಆ ಬಸ್ಸಿನಿಂದ ಇಳಿಯುವುದೂ ಇಲ್ಲ.

ತೊಂದರೆ ಶುರುವಾದದ್ದೇ ಇದರಿಂದ. ಹಲವು ದೇಶಗಳ ಸಂಶೋಧಕರು ಸೇರಿ ಹಳ್ಳಿಗಾಡಿನ ಬಸ್ಸುಗಳನ್ನು ಜಾಣ ಬಸ್ಸುಗಳನ್ನಾಗಿ ಮಾಡುವ ಅಧ್ಯಯನವೊಂದನ್ನು ನಡೆಸುತ್ತಿದ್ದಾರೆ. ನಮ್ಮ ಪಾಲಿಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳು ಬಂದಿದ್ದವು. ಕೆಲವು ಬಸ್ಸುಗಳ ಬಾಗಿಲ ಮೇಲೆ ತಲೆ ಎಣಿಸುವ ಪುಟ್ಟ ಕ್ಯಾಮೆರಾ ಕೂರಿಸಿದೆವು. ಎಷ್ಟು ತಲೆ ಹತ್ತಿತು, ಎಷ್ಟು ಇಳಿಯಿತು, ಬಸ್ಸು ಎಲ್ಲಿ ಎಷ್ಟು ಹೊತ್ತು ನಿಂತಿತು ಎಂಬುದೆಲ್ಲ ಸೀದಾ ಫಿನ್ಲೆಂಡಿನ ಕಂಪ್ಯೂಟರಿಗೆ ಹೋಗುತ್ತಿತ್ತು. ಯಾರೂ ಹತ್ತದೆ ಯಾರೂ ಇಳಿಯದೆ ಬಸ್ಸು ಎಲ್ಲಾದರೂ ನಿಂತರೆ ಕಂಪ್ಯೂಟರು ಅದನ್ನು ದಂಡದ ನಿಲುಗಡೆ ಎಂದು ತೀರ್ಮಾನಿಸಿ, ನಕ್ಷೆಯಲ್ಲಿ ಒಂದು ಕೆಂಪು ಚುಕ್ಕೆ ಇಡುತ್ತಿತ್ತು. ಪೋಲಾದ ಹೊತ್ತು ಹೆಚ್ಚಾದಷ್ಟೂ ಚುಕ್ಕೆ ದೊಡ್ಡದು. ಸಾಸ್ವೆಹಳ್ಳಿ ತಿರುವಿನಲ್ಲಿ ಕುಂಕುಮದ ಬೊಟ್ಟಿನಂಥ ಚುಕ್ಕೆ ಬಂತು.

ಅದು ದಂಡವಲ್ಲ, ಬುತ್ತಿ ಎಂದು ನಾನು ಮೇಲ್ ಬರೆದೆ. ದತ್ತಾಂಶದಲ್ಲಿ ಬುತ್ತಿ ಕಾಣುತ್ತಿಲ್ಲ ಎಂದು ಸಭ್ಯವಾದ ಉತ್ತರ ಬಂತು. ಅಕ್ಟೋಬರಿನ ಸಭೆಯಲ್ಲಿ ಎಲ್ಲ ದೇಶಗಳ ನಕ್ಷೆಗಳಿಗೂ ಒಪ್ಪಿಗೆ ಸಿಕ್ಕರೆ ಅವು ಬಸ್ ಮಾಲೀಕರ ಕೈಗೆ ಹೋಗುತ್ತವೆ. ನಮ್ಮ ಕಡೆಯ ಮಾಲೀಕರೊಬ್ಬರು ಆಗಲೇ ಹೇಳಿಬಿಟ್ಟಿದ್ದರು, "ಫಾರಿನ್ನೋರು ನಿಲ್ಸಬ್ಯಾಡ ಅಂದ್ರೆ ನಿಲ್ಸಲ್ಲ ಕಣ್ರೀ. ಡೀಸೆಲ್ ಉಳೀತೈತೆ."

ಆ ಸಭೆಗೆಂದು ಫಿನ್ಲೆಂಡಿಗೆ ಹೊರಡುವ ಹಿಂದಿನ ದಿನ ಹಾಲಮ್ಮ ತಾನೇ ಹೊನ್ನಾಳಿಗೆ ಬಂದಳು. ಕೈಯಲ್ಲಿ ಕಡಕ್ ರೊಟ್ಟಿಯ ಎತ್ತರದ ಕಟ್ಟು, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ, ಒಂದು ಖಾಲಿ ಕ್ಯಾರಿಯರ್.

"ಅಲ್ಲಿ ಏನ್ ಸಿಗ್ತೈತೋ ಏನೋ, ಇಟ್ಕಳ್ರಿ ಮೇಡಮ್ನೋರೆ," ಎಂದಳು. ಆಮೇಲೆ ಸ್ವಲ್ಪ ತಡೆದು, "ನೀವು ಅಲ್ಲಿ ಏನ್ ಓದ್ತೀರೋ ಏನ್ ಬರೀತೀರೋ ನಂಗೆ ತಿಳಿಯಾಕಿಲ್ಲ. ಬಸ್ ನಿಲ್ಲಂಗೆ ಮಾಡ್ಕಂಡ್ ಬರ್ರಿ. ಅದು ನಿಲ್ಲಲಿಲ್ಲ ಅಂದ್ರೆ ನಾನು ರೊಟ್ಟಿ ತಟ್ಟಿ ಯಾರಿಗೆ ಕೊಡಾಕೆ?"

ಮಾಡಿಸಿಕೊಂಡು ಬರುತ್ತೇನೆ ಎಂದೆ. ಹೇಳುವಾಗ ದನಿ ಗಟ್ಟಿಯಾಗಿತ್ತು, ಹೇಗೆ ಎಂಬುದು ಮಾತ್ರ ನನಗೂ ಗೊತ್ತಿರಲಿಲ್ಲ.

ಹೆಲ್ಸಿಂಕಿ

ತಿಪ್ಪೇಸ್ವಾಮಿ ಸರ್ ಜಗಳೂರಿನವರು. ಕಂಪ್ಯೂಟರ್ ವಿಭಾಗದ ಹಿರಿಯ ಮೇಷ್ಟ್ರು, ಈ ಅಧ್ಯಯನದಲ್ಲಿ ನಮ್ಮ ಕಡೆಯ ಮುಖ್ಯಸ್ಥರು. ಕುರುಚಲು ಗಿಡ, ಕೆಂಪು ಮಣ್ಣು, ಸುಡುವ ಬಿಸಿಲಿನ ನಡುವೆ ಬೆಳೆದ ಅವರಿಗೆ ಹೊನ್ನಾಳಿಯ ಹೊಳೆಯ ಗಾಳಿಯೇ ಚಳಿ. ಅಂಥವರು ವಿಮಾನ ಹತ್ತುವ ಮೊದಲೇ ಮಂಕಿ ಕ್ಯಾಪು ಹಾಕಿಕೊಂಡು ಕುಳಿತುಬಿಟ್ಟರು. ಗಗನಸಖಿ ಎರಡು ಸಲ ಬಂದು ಹುಷಾರಾಗಿದ್ದೀರಾ ಎಂದು ವಿಚಾರಿಸಿ ಹೋದಳು.

ಮೋಡದ ಮೇಲೆ ತೇಲುತ್ತಿರುವಾಗ ಅವರು ನನ್ನ ಕಡೆ ವಾಲಿ ಗುಟ್ಟಿನಲ್ಲಿ ಹೇಳಿದರು. "ಮೇಡಂ, ಒಂದ್ ಮಾತು. ಸಭೆಯಾಗೆ ಬುತ್ತಿ ಗಿತ್ತಿ ಅಂತ ಎತ್ತಬ್ಯಾಡ್ರಿ. ಆ ಬಸ್ಸಲ್ಲಿ ನಿಮ್ಮ ಊಟಾನೇ ಬರ್ತೈತೆ. ಸ್ವಂತದ್ದು ನೋಡ್ಕಂತಾರೆ ಅಂದ್ಬಿಡ್ತಾರೆ. ನಾವು ಹೊಂಟಿರೋದು ಇಂಟೆಲಿಜೆಂಟ್ ಟ್ರಾನ್ಸ್‌ಪೋರ್ಟ್ ಬಗ್ಗೆ ಮಾತಾಡಾಕೆ."

"ರೊಟ್ಟಿ ಸಾಗಿಸೋದೂ ಟ್ರಾನ್ಸ್‌ಪೋರ್ಟೇ ಅಲ್ವಾ ಸರ್?"

"ಟ್ರಾನ್ಸ್‌ಪೋರ್ಟ್ ಹೌದು. ಇಂಟೆಲಿಜೆಂಟ್ ಅಲ್ಲ," ಎಂದು ಹೇಳಿ ಕ್ಯಾಪನ್ನು ಕಣ್ಣಿನವರೆಗೆ ಎಳೆದುಕೊಂಡರು.

ಹೆಲ್ಸಿಂಕಿಯಲ್ಲಿ ಸುಂಕದ ಅಧಿಕಾರಿ ನನ್ನ ಪೆಟ್ಟಿಗೆ ತೆರೆಸಿದ. ಎತ್ತರದ, ತೆಳ್ಳಗಿನ, ಮುಖದಲ್ಲಿ ಯಾವ ಸುದ್ದಿಯೂ ಇಲ್ಲದ ಮನುಷ್ಯ. ಹಾಲಮ್ಮನ ರೊಟ್ಟಿಯ ಕಟ್ಟನ್ನು ಎತ್ತಿ ಬೆಳಕಿಗೆ ಹಿಡಿದ. ಬೆರಳ ಗಂಟಿನಿಂದ ಮೇಲಿನ ರೊಟ್ಟಿಯನ್ನು ಟಕಟಕ ಬಡಿದ, ಬಾಗಿಲು ಬಡಿದ ಹಾಗೆ. ತಿಪ್ಪೇಸ್ವಾಮಿ ಸರ್ ನನಗೂ ತಮಗೂ ಸಂಬಂಧವೇ ಇಲ್ಲ ಎಂಬಂತೆ ದೂರದ ಕಂಬದ ಹತ್ತಿರ ಹೋಗಿ ನಿಂತರು. "ಬ್ರೆಡ್," ಎಂದೆ ನಾನು. ಅಧಿಕಾರಿಯ ಮುಖ ಮೊದಲ ಬಾರಿಗೆ ಸಡಿಲಾಯಿತು. ಅವರ ದೇಶದಲ್ಲೂ ರೈ ಎಂಬ ಧಾನ್ಯದ ಹಿಟ್ಟಿನ ಒಣಗಿಸಿದ ಗಟ್ಟಿ ರೊಟ್ಟಿ ಉಂಟಂತೆ, ಹಿಂದೆಲ್ಲ ನಡುವೆ ತೂತು ಮಾಡಿ ಅಡುಗೆಮನೆಯ ಸೂರಿನ ಕೆಳಗಿನ ಗಳಕ್ಕೆ ಸಿಕ್ಕಿಸಿ ಇಡುತ್ತಿದ್ದರಂತೆ. ಅವನ ಅಜ್ಜಿ ಮಾಡುತ್ತಿದ್ದಳಂತೆ. ಕಟ್ಟನ್ನು ಪೆಟ್ಟಿಗೆಯಲ್ಲಿ ಮಗುವನ್ನು ಮಲಗಿಸಿದ ಹಾಗೆ ಮಲಗಿಸಿ, ಹೋಗಿ ಎಂದ.

ತಾಂಪೆರೆ, ಮೊದಲ ದಿನ

ಸಭೆ ಇದ್ದದ್ದು ತಾಂಪೆರೆ ಎಂಬ ಊರಿನಲ್ಲಿ. ಆಚೆಗೊಂದು ಸರೋವರ, ಈಚೆಗೊಂದು ಸರೋವರ, ನಡುವೆ ಊರು. ತುಂಗಭದ್ರೆಯ ಪಕ್ಕದಲ್ಲಿ ಬೆಳೆದವಳು ನಾನು, ನೀರು ಕಂಡರೆ ಬೆರಗಾಗುವ ಪೈಕಿಯಲ್ಲ. ನನ್ನನ್ನು ಬೆರಗುಗೊಳಿಸಿದ್ದು ಬಸ್ ಸ್ಟಾಪು.

ಬೆಳಿಗ್ಗೆ ಸ್ಟಾಪಿಗೆ ಹೋದರೆ ಜನ ನಿಂತಿದ್ದಾರೆ. ಹೇಗೆ ನಿಂತಿದ್ದಾರೆ ಎಂದರೆ ಇಬ್ಬರ ನಡುವೆ ಒಂದು ಎಮ್ಮೆ ಆರಾಮಾಗಿ ದಾಟಿ ಹೋಗಬಹುದು. ಯಾರೂ ಯಾರನ್ನೂ ನೋಡುವುದಿಲ್ಲ. ಮಾತಿಲ್ಲ, ಕೆಮ್ಮಿಲ್ಲ. ಇವರೆಲ್ಲ ಈಗಷ್ಟೇ ಜಗಳವಾಡಿ ಮುನಿಸಿಕೊಂಡಿರಬೇಕು ಎಂದುಕೊಂಡೆ. ಇರುವ ಖಾಲಿ ಜಾಗವನ್ನು ತುಂಬುವುದು ನನ್ನ ಜನ್ಮಗುಣ, ಹೋಗಿ ಇಬ್ಬರ ನಡುವೆ ನಿಂತೆ. ಆ ಕಡೆಯವರು ಒಂದು ಹೆಜ್ಜೆ ಆ ಕಡೆ ಸರಿದರು, ಈ ಕಡೆಯವರು ಈ ಕಡೆ ಸರಿದರು. ನಾನೂ ಸರಿದೆ. ಅವರೂ ಸರಿದರು. ಇನ್ನೊಂದು ಸ್ವಲ್ಪ ಹೊತ್ತು ಬಸ್ಸು ಬಾರದೇ ಇದ್ದಿದ್ದರೆ ಪಾಪ, ಒಬ್ಬರು ಸರೋವರಕ್ಕೆ ಬೀಳುತ್ತಿದ್ದರು.

ಆಮೇಲೆ ಕಂಡದ್ದು ನನಗೆ ಖುಷಿ ಕೊಟ್ಟಿತು. ಬಸ್ಸು ದೂರದಲ್ಲಿ ಕಾಣುತ್ತಲೇ ಮುಂದೆ ನಿಂತ ಹೆಂಗಸು ಕೈ ಅಡ್ಡ ಹಿಡಿದಳು, ಥೇಟ್ ನಮ್ಮ ಉಬ್ರಾಣಿ ದಾರಿಯಲ್ಲಿ ಹಿಡಿಯುವ ಹಾಗೆ. ಸ್ಟಾಪಿನಲ್ಲೇ ನಿಂತಿದ್ದರೂ ಕೈ ತೋರಿಸದಿದ್ದರೆ ಬಸ್ಸು ನಿಲ್ಲುವುದಿಲ್ಲವಂತೆ. "ನೋಡಿದ್ರಾ ಸರ್, ನಮ್ಮ ಪದ್ಧತಿ ಇಲ್ಲೂ ಐತೆ," ಎಂದೆ. ತಿಪ್ಪೇಸ್ವಾಮಿ ಸರ್ ಹಲ್ಲು ಕಟಕಟ ಎನ್ನಿಸುತ್ತಿದ್ದುದರಿಂದ ಹೌದೆಂದರೋ ಅಲ್ಲವೆಂದರೋ ತಿಳಿಯಲಿಲ್ಲ.

ಅಧ್ಯಯನದ ಮುಖ್ಯಸ್ಥೆಯ ಹೆಸರು ಕಿರ್ಸ್ತಿ. ಐವತ್ತರ ಆಸುಪಾಸು, ಬೆಳ್ಳಿಗೂದಲನ್ನು ಚಿಕ್ಕದಾಗಿ ಕತ್ತರಿಸಿಕೊಂಡವರು. ನಾವು ಒಂದು ಪ್ರಶ್ನೆ ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಕೇಳಿಸಲಿಲ್ಲವೇನೋ ಎಂದು ನಾವು ಮತ್ತೆ ಕೇಳಬೇಕು, ಅಷ್ಟರಲ್ಲಿ ಮೊದಲ ಪ್ರಶ್ನೆಗೆ ಉತ್ತರ ಬರುತ್ತಿತ್ತು. ಅವರ ಸಹಾಯಕ ಸಂಶೋಧಕ ಯೂಹೊ, ಕೆಂಪು ಚುಕ್ಕೆ ಇಡುವ ಕಂಪ್ಯೂಟರ್ ಪ್ರೋಗ್ರಾಂ ಬರೆದವನು. ಒಳ್ಳೆಯ ಮನುಷ್ಯ. ಅವನನ್ನು ಕಂಡರೆ ಸಿಟ್ಟಾಗಬೇಕು ಎಂದು ದಾರಿಯುದ್ದಕ್ಕೂ ತಯಾರಾಗಿ ಹೋಗಿದ್ದೆ. ಅವನು ಬಾಗಿಲಲ್ಲೇ ಕಾಫಿ ಹಿಡಿದು ನಿಂತಿದ್ದ, ಸಿಟ್ಟು ಅಲ್ಲಿಗೇ ಇಳಿಯಿತು.

ಸೌನಾ

ಅತಿಥಿಗಳನ್ನು ಬಿಸಿ ಕೋಣೆಗೆ ಕರೆದುಕೊಂಡು ಹೋಗುವುದು ಅಲ್ಲಿಯ ಮರ್ಯಾದೆ. ಮರದ ಕೋಣೆ, ಒಳಗೆ ಕಾದ ಕಲ್ಲು, ಅದರ ಮೇಲೆ ನೀರು ಹುಯ್ದರೆ ಆವಿ. ಅದಕ್ಕೆ ಸೌನಾ ಎನ್ನುತ್ತಾರೆ. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ. ಬಟ್ಟೆ ಯಾರಿಗೂ ಇಲ್ಲ. ನಾನು ನೆಗಡಿಯ ನೆಪ ಹೇಳಿ ತಪ್ಪಿಸಿಕೊಂಡೆ. ಬಿಸಿ ಎಂಬ ಒಂದು ಶಬ್ದ ಕೇಳಿಯೇ ಮರುಳಾದ ತಿಪ್ಪೇಸ್ವಾಮಿ ಸರ್ ಉಳಿದ ಷರತ್ತುಗಳನ್ನು ವಿಚಾರಿಸದೆ ಒಪ್ಪಿಕೊಂಡುಬಿಟ್ಟರು.

ಹೊರಗೆ ಬಂದಾಗ ಮುಖ ಬೆಂದ ಬೀಟ್‌ರೂಟಿನ ಹಾಗಿತ್ತು. "ಹೆಂಗಿತ್ತು ಸರ್?" ಎಂದು ಕೇಳಿದೆ.

"ಕೇಳಬ್ಯಾಡ್ರಿ."

"ಮಂಕಿ ಕ್ಯಾಪು?"

"ಅದೊಂದನ್ನ ಬಿಟ್ಕೊಡಲಿಲ್ಲ," ಎಂದರು ಗಂಭೀರವಾಗಿ. ಅವರ ಆ ರೂಪವನ್ನು ಕಲ್ಪಿಸಿಕೊಳ್ಳಬಾರದು ಎಂದು ನಾನು ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ.

ಪ್ರಯೋಗಾಲಯದ ಮುಂದಿನ ಸ್ಟಾಪು

ಡ್ರೈವರಿಲ್ಲದ ಬಸ್ಸು ಪುಟ್ಟದು, ಇಡ್ಲಿ ಪಾತ್ರೆಗೆ ಚಕ್ರ ಹಚ್ಚಿದ ಹಾಗೆ. ಅದು ಪ್ರಯೋಗಾಲಯದಿಂದ ಸರೋವರದ ದಂಡೆಯ ಸಭಾಂಗಣಕ್ಕೆ ಹೋಗಿ ಬರುತ್ತಿತ್ತು. ಪ್ರಯೋಗ ಶುರುವಾದದ್ದೇ ಆ ವಾರ. ಒಳಗೆ ಸ್ಟೀರಿಂಗ್ ಕೂಡ ಇಲ್ಲ, ಇನ್ನೆಲ್ಲೋ ಕೋಣೆಯಲ್ಲಿ ಕುಳಿತ ಒಬ್ಬರು ಪರದೆಯ ಮೇಲೆ ನೋಡಿಕೊಳ್ಳುತ್ತಾರೆ. ಸ್ಟಾಪಿಗೆ ಬಂದು, ಬಾಗಿಲು ತೆರೆದು, ಹತ್ತುವವರನ್ನು ಎಣಿಸಿ, ಬಾಗಿಲು ಮುಚ್ಚಿ, ತನ್ನ ಪಾಡಿಗೆ ತಾನು ಹೊರಡುವುದು ಅದರ ಕೆಲಸ.

ಆ ಮಧ್ಯಾಹ್ನ ನಾನು ಯೂಹೊ ಜೊತೆ ನಮ್ಮ ನಕ್ಷೆಯನ್ನು ಪರಿಶೀಲಿಸಲು ಪ್ರಯೋಗಾಲಯದಲ್ಲಿ ಉಳಿದಿದ್ದೆ. ತಿಪ್ಪೇಸ್ವಾಮಿ ಸರ್ ಉಳಿದವರೊಂದಿಗೆ ಸಭಾಂಗಣಕ್ಕೆ ಹೋಗಿದ್ದರು. ಫೋನು ಬಂತು.

"ಮೇಡಂ, ಇಲ್ಲಿ ಊಟಕ್ಕೆ ಬರೀ ಎಲೆ ಐತೆ."

"ಎಲೆ ಊಟಾನಾ ಸರ್?"

"ಬಾಳೆ ಎಲೆ ಅಲ್ರೀ, ತಿನ್ನೋ ಎಲೆ! ಹಸೀದು. ಮೇಕೆಗೆ ಹಾಕ್ತಾರಲ್ಲ ಹಂಗೆ. ನೆನ್ನೆಯಿಂದ ಹೊಟ್ಟೇಲಿ ಏನೂ ಇಲ್ಲ, ತಲೆ ಸುತ್ತಾಕ್ ಹತ್ತೈತೆ."

ನನ್ನ ಚೀಲದಲ್ಲಿ ಹಾಲಮ್ಮನ ಕ್ಯಾರಿಯರ್ ಇತ್ತು. ಅದರಲ್ಲಿ ಮುರಿದಿಟ್ಟ ರೊಟ್ಟಿ, ಚಟ್ನಿಪುಡಿ. ಅದನ್ನು ತೆಗೆದುಕೊಂಡು ಹೊರಗೆ ಬಂದೆ. ಒಳಗೆ ಯೂಹೊ ಕಾಯುತ್ತಿದ್ದ, ನಾನು ಹೋಗುವಂತಿರಲಿಲ್ಲ. ಎದುರಿಗೆ ಬಾಗಿಲು ತೆರೆದು, ಹೊರಡಲು ಸಿದ್ಧವಾಗಿ, ಸರ್ ಇರುವ ಕಡೆಗೇ ಹೋಗುವ ಖಾಲಿ ಬಸ್ಸು ನಿಂತಿತ್ತು. ನಮ್ಮ ಕಡೆ ಹುಟ್ಟಿ ಬೆಳೆದ ಯಾವ ಹೆಂಗಸು ಇಂಥ ಬಸ್ಸನ್ನು ಬರಿಗೈಯಲ್ಲಿ ಕಳಿಸುತ್ತಾಳೆ ಹೇಳಿ?

ನೆಲದ ಮೇಲೆ ನಿಂತುಕೊಂಡೇ ಕೈ ಚಾಚಿ ಬಾಗಿಲ ಪಕ್ಕದ ಸೀಟಿನ ಮೇಲೆ ಕ್ಯಾರಿಯರ್ ಇಟ್ಟೆ. ಉರುಳದ ಹಾಗೆ ಒಮ್ಮೆ ಒತ್ತಿ ನೋಡಿದೆ. ಅಭ್ಯಾಸಬಲ ನೋಡಿ, ಬಸ್ಸಿನ ಮೈಯನ್ನು ಎರಡು ಸಲ ತಟ್ಟಿ "ರೈಟ್!" ಅಂತಲೂ ಅಂದೆ. ಸರ್‌ಗೆ ಫೋನು ಮಾಡಿ, "ಬಸ್ಸಿನ ಕೈಲಿ ಕೊಟ್ಟೀನಿ, ಇಸ್ಕಳ್ರಿ," ಎಂದೆ.

ಬಸ್ಸು ಬಾಗಿಲು ಮುಚ್ಚಿತು. ಮತ್ತೆ ತೆರೆಯಿತು. ಮತ್ತೆ ಮುಚ್ಚಿತು. ಸೀಟಿನ ಮೇಲೆ ಭಾರ ಇದೆ, ತಲೆ ಇಲ್ಲ. ಪಾಪ, ಅದಕ್ಕೆ ದಿಕ್ಕು ತೋಚಲಿಲ್ಲ. ಕೆಂಪು ದೀಪ ಮಿಣುಕತೊಡಗಿತು. ಒಳಗಿನಿಂದ ಒಂದು ಹೆಣ್ಣು ದನಿ ಮೊದಲು ಫಿನ್ನಿಶ್ ಭಾಷೆಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಗುರುತಿಲ್ಲದ ವಸ್ತು ಇದೆ, ದೂರ ಸರಿಯಿರಿ ಎಂದು ಹೇಳತೊಡಗಿತು. ನಾನು ಬಾಗಿಲಿಗೆ ಬಾಯಿ ಇಟ್ಟು, "ಅದು ಊಟ, ಊಟ!" ಎಂದೆ. ದನಿ ನನ್ನನ್ನು ಲೆಕ್ಕಿಸದೆ ತನ್ನದನ್ನೇ ಹೇಳಿತು.

ಭದ್ರತೆಯ ಇಬ್ಬರು ಕೈಗವಸು ತೊಟ್ಟು ಬಂದರು. ಒಂದರ ಮೇಲೊಂದು ಕೂತ ಸ್ಟೀಲ್ ಡಬ್ಬಿ, ಸುತ್ತ ಬಿಗಿದ ಕಬ್ಬಿಣದ ಪಟ್ಟಿ, ಮೇಲೊಂದು ಕೊಂಡಿ, ಕೊಂಡಿಗೆ ಕೆಂಪು ದಾರ. ಅವರ ಕಣ್ಣಿನಿಂದ ನೋಡಿದಾಗ ನನಗೇ ಅದು ಒಳ್ಳೆಯ ವಸ್ತುವಿನ ಹಾಗೆ ಕಾಣಲಿಲ್ಲ. ಬಹಳ ಹೊತ್ತಿನ ಮಾತುಕತೆಯ ನಂತರ, ನಾನೇ ತೆರೆಯಬೇಕು, ಅವರು ದೂರದಿಂದ ನೋಡುತ್ತಾರೆ ಎಂದು ತೀರ್ಮಾನವಾಯಿತು. ತೆರೆದೆ. ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಘಾಟು ಗಾಳಿಗೆ ಸೇರಿತು. ಭದ್ರತೆಯವರಲ್ಲಿ ದೊಡ್ಡವನು ಎಂಟೂ ದಿಕ್ಕಿಗೆ ಕೇಳುವಂತೆ ಸೀನಿದ.

ಅಷ್ಟರಲ್ಲಿ ಕಿರ್ಸ್ತಿ ಬಂದರು. "ಇದೇನು?"

"ತಿಪ್ಪೇಸ್ವಾಮಿಯವರ ಊಟ."

"ಅವರೆಲ್ಲಿ?"

"ಸಭಾಂಗಣದಲ್ಲಿ."

"ಹಾಗಾದರೆ ಊಟ ಯಾಕೆ ಇಲ್ಲಿದೆ?"

"ಬಸ್ಸಿನ ಕೈಲಿ ಕಳಿಸುತ್ತಿದ್ದೆ."

ಕಿರ್ಸ್ತಿ ಬಸ್ಸನ್ನು ಮುಂದಿನಿಂದ ಹಿಂದಿನವರೆಗೆ ಒಮ್ಮೆ ನೋಡಿದರು. ಆಮೇಲೆ, "ಬಸ್ಸಿಗೆ ಕೈ ಇಲ್ಲ," ಎಂದರು. ತಮಾಷೆಗೆ ಹೇಳಿದ್ದಲ್ಲ, ನನಗೆ ತಿಳಿದಿರಲಿಕ್ಕಿಲ್ಲ ಎಂದು ಹೇಳಿದ್ದು.

ಒಮ್ಮೆ ಹೀಗೆ ನಿಂತ ಬಸ್ಸನ್ನು ಪೂರ್ತಿ ಪರೀಕ್ಷಿಸದೆ ಬಿಡುವಂತಿಲ್ಲವಂತೆ. ಸಂಜೆಯವರೆಗೂ ಅದು ಅಲ್ಲೇ ನಿಂತಿತ್ತು. ಹಲವು ದೇಶಗಳ ಸಂಶೋಧಕರು ತುಂತುರು ಹಿಮದಲ್ಲಿ ಸರೋವರದ ದಂಡೆಗುಂಟ ನಡೆದು ಬಂದರು. ಎಲ್ಲರಿಗಿಂತ ಹಿಂದೆ ತಿಪ್ಪೇಸ್ವಾಮಿ ಸರ್, ಕ್ಯಾಪಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನನ್ನು ಬೈಯುತ್ತಾರೆ ಎಂದು ಕಾದೆ. ಅವರು ಕ್ಯಾರಿಯರ್ ಇಸಿದುಕೊಂಡು, ಪ್ರಯೋಗಾಲಯದ ಮೆಟ್ಟಿಲ ಮೇಲೆ ಕುಳಿತು, ಚಟ್ನಿಪುಡಿಯ ಕೊನೆಯ ಚೂರನ್ನೂ ಬೆರಳಿನಿಂದ ಬಳಿದು ತಿಂದರು.

"ನಾಳೆ ಸಭೆಯಾಗೆ ನಾವು ಬಾಯಿ ಬಿಡಂಗಿಲ್ಲ, ಗೊತ್ತಾಯ್ತಲ್ಲ," ಎಂದರು ಆಮೇಲೆ, ಬಹಳ ಮೆತ್ತಗೆ.

ಗೊತ್ತಾಗಿತ್ತು. ಒಂದು ಊಟಕ್ಕಾಗಿ ಇಡೀ ಪ್ರಯೋಗವನ್ನೇ ನಿಲ್ಲಿಸಿದ ಹೆಂಗಸು ನಾಳೆ ಎದ್ದು ನಿಂತು ಬುತ್ತಿಯ ಪರ ಮಾತಾಡಿದರೆ ಯಾರು ಕೇಳುತ್ತಾರೆ? ಅಷ್ಟು ದೂರ ಹೋಗಿ ಹಾಲಮ್ಮನ ಬಸ್ಸನ್ನು ನಾನೇ ಕೈಯಾರೆ ಕಳೆದೆ ಅನ್ನಿಸಿತು. ಕೋಣೆಗೆ ಬಂದು ಕ್ಯಾರಿಯರ್ ತೊಳೆಯುವಾಗ ನನಗೆ ಅಳು ಬಂತು. ನಾಚಿಕೆಯೂ ಆಯಿತು, ಭಯವೂ ಆಯಿತು.

ಸರೋವರದ ದಂಡೆಯ ಸಭೆ

ಮರುದಿನ ಎಲ್ಲರೂ ದುಂಡು ಮೇಜಿನ ಸುತ್ತ ಕುಳಿತೆವು. ಯೂಹೊ ಗೋಡೆಯ ಮೇಲೆ ನಮ್ಮ ನಕ್ಷೆ ತೋರಿಸಿದ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ದಾರಿಯುದ್ದಕ್ಕೂ ಕೆಂಪು ಚುಕ್ಕೆಗಳು. ಸಾಸ್ವೆಹಳ್ಳಿಯ ಚುಕ್ಕೆ ಎಲ್ಲಕ್ಕಿಂತ ದಪ್ಪ. "ಇದೊಂದನ್ನು ತೆಗೆದರೇ ಬಸ್ಸಿನ ಹೊತ್ತು ಎಷ್ಟೋ ಉಳಿಯುತ್ತದೆ," ಎಂದ. ಯಾರೂ ಆಕ್ಷೇಪಿಸಲಿಲ್ಲ. ನಾನು ಬಾಯಿ ತೆರೆಯಹೋದೆ, ತಿಪ್ಪೇಸ್ವಾಮಿ ಸರ್ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಹಿಮದ ಬೂಟು, ಚೆನ್ನಾಗಿಯೇ ನೋವಾಯಿತು.

"ಈಗ ನಮ್ಮ ಊರಿನದು," ಎಂದು ಯೂಹೊ ಮುಂದಿನ ನಕ್ಷೆ ಒತ್ತಿದ. ರಾತ್ರಿಯೇ ಕಂಪ್ಯೂಟರು ತನ್ನಷ್ಟಕ್ಕೆ ತಾನು ಸಿದ್ಧಪಡಿಸಿದ್ದು, ಅವನೂ ನೋಡಿರಲಿಲ್ಲ. ನಕ್ಷೆಯಲ್ಲಿ ಒಂದೇ ಒಂದು ಚುಕ್ಕೆ ಇತ್ತು. ಅದು ಚುಕ್ಕೆ ಅಲ್ಲ, ಕೆಂಪು ತಟ್ಟೆ. ಅರ್ಧ ಊರನ್ನು ಮುಚ್ಚಿತ್ತು. ಸ್ಟಾಪಿನ ಹೆಸರು, ಪ್ರಯೋಗಾಲಯದ ಮುಂಭಾಗ. ಬಸ್ಸು ಬಹಳ ಹೊತ್ತು ನಿಂತಿದೆ, ಹತ್ತಿದವರಿಲ್ಲ, ಇಳಿದವರಿಲ್ಲ. ಕೆಳಗೆ ಸಲಹೆ, ಈ ನಿಲುಗಡೆಯನ್ನು ರದ್ದುಪಡಿಸಬಹುದು.

ಮೊದಲು ಕೀನ್ಯಾದಿಂದ ಬಂದಿದ್ದ ಸಂಶೋಧಕ ಮೇಜು ಕುಟ್ಟಿ ನಕ್ಕ. ಅವನ ನಗು ಒಬ್ಬರಿಂದ ಒಬ್ಬರಿಗೆ ದಾಟಿತು. ಯೂಹೊನ ಕಿವಿ ಕೆಂಪಾಯಿತು. ಕಿರ್ಸ್ತಿ ಮಾತ್ರ ನಗದೆ ನಕ್ಷೆಯನ್ನೇ ನೋಡುತ್ತಿದ್ದು, "ನಮ್ಮ ಪ್ರೋಗ್ರಾಂ ಪ್ರಕಾರ ನಾಳೆಯಿಂದ ನಾವೆಲ್ಲ ಕೆಲಸಕ್ಕೆ ನಡೆದುಕೊಂಡು ಬರಬೇಕು," ಎಂದರು.

ಆಗ ನಾನು ಕನಸಿನಲ್ಲೂ ಎಣಿಸದ ಸಂಗತಿ ನಡೆಯಿತು. ತಿಪ್ಪೇಸ್ವಾಮಿ ಸರ್ ಎದ್ದು ನಿಂತು ಕ್ಯಾಪು ತೆಗೆದರು. ಫಿನ್ಲೆಂಡಿನಲ್ಲಿ ಅವರ ತಲೆಯನ್ನು ಜನ ಮೊದಲ ಬಾರಿಗೆ ನೋಡಿದರು.

"ಆ ಡಬ್ಬಿಯಲ್ಲಿ ಇದ್ದದ್ದು ನನ್ನ ಊಟ," ಎಂದು ಇಂಗ್ಲಿಷಿನಲ್ಲಿ ಶುರುಮಾಡಿದರು. "ನಿಮ್ಮ ಯಂತ್ರ ಸುಳ್ಳು ಹೇಳಿಲ್ಲ. ಯಾರೂ ಹತ್ತಲಿಲ್ಲ, ಯಾರೂ ಇಳಿಯಲಿಲ್ಲ. ಆದರೆ ನಾನು ಈ ತುದಿಯಲ್ಲಿ ಹಸಿದು ಕುಳಿತು ಆ ಬಸ್ಸಿನ ದಾರಿ ಕಾಯುತ್ತಿದ್ದೆ. ಈ ನಕ್ಷೆಯಲ್ಲಿ ನಾನೆಲ್ಲಿದ್ದೇನೆ, ತೋರಿಸಿ." ಅವರು ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಉಳಿದಿದ್ದು ನೀವೇ ಹೇಳ್ರಿ. ಕಾಲು ತುಳಿಯಾಕಿಲ್ಲ," ಎಂದು ಕುಳಿತರು.

ಹೇ‍ಳಿದೆ. ಹಾಲಮ್ಮನನ್ನು, ಅವಳ ಬಣ್ಣದ ದಾರಗಳನ್ನು, ಪರಮೇಶಪ್ಪನ ಚಾಚಿದ ಕೈಯನ್ನು ಹೇಳಿದೆ. ನನ್ನ ಊಟವೂ ಅದರಲ್ಲೇ ಬರುತ್ತದೆ, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಕಡಿಮೆ ನಂಬಿ ಅಂತಲೂ ಹೇಳಿದೆ. ನಲ್ಲೂರಿನ ಚುಕ್ಕೆಯಲ್ಲಿ ಪೇಪರಿನ ಕಟ್ಟು ಇಳಿಯುತ್ತದೆ, ಜಗಳೂರಿನ ದಾರಿಯ ಚುಕ್ಕೆಯಲ್ಲಿ ಸುಟ್ಟುಹೋದ ಪಂಪಿನ ಭಾಗಗಳು ರಿಪೇರಿಗೆ ಹತ್ತುತ್ತವೆ. ಅವಕ್ಕೆ ತಲೆ ಇಲ್ಲ, ನಮ್ಮ ಕ್ಯಾಮೆರಾ ಎಣಿಸುವುದಿಲ್ಲ. ಕೀನ್ಯಾದವನು ತಮ್ಮಲ್ಲೂ ಹೀಗೇ ಎಂದು ದನಿಗೂಡಿಸಿದ.

ಯೂಹೊ ಕೈ ಎತ್ತಿದ. "ಒಪ್ಪಿದೆ. ಆದರೆ ಎಲ್ಲ ಚುಕ್ಕೆಯೂ ಹಾಗೇ ಎಂದು ಹೇಗೆ ನಂಬುವುದು? ಡ್ರೈವರು ಸುಮ್ಮನೆ ತಿನ್ನಲು ನಿಲ್ಲಿಸಿರಬಹುದಲ್ಲ?"

ಹುಡುಕಿ ನೋಡಿದರೂ ಅವನ ಮಾತಿನಲ್ಲಿ ತಪ್ಪಿರಲಿಲ್ಲ. "ನ್ಯಾಮತಿ ದಾರಿಯ ಈ ಚುಕ್ಕೆ ಖಂಡಿತ ಮಿರ್ಚಿ ಅಂಗಡಿಯದು," ಎಂದು ನಾನೇ ಎದ್ದು ಬೆರಳಿಟ್ಟು ತೋರಿಸಿದೆ. "ಆದರೆ ಮಿರ್ಚಿ ಚೆನ್ನಾಗಿರುತ್ತದೆ."

ಕಿರ್ಸ್ತಿ ಎಂದಿನ ಮೌನಕ್ಕೆ ಹೋದರು. ಈ ಸಲದ ಮೌನದಲ್ಲಿ ನಾನು ಹಾಲಮ್ಮನ ಮನೆದೇವರಿಂದ ಹಿಡಿದು ನನಗೆ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ಕೊನೆಗೆ ಅವರು, ಒಬ್ಬ ಮನುಷ್ಯ ಹೋಗಿ ನಿಂತು ಕಣ್ಣಾರೆ ನೋಡುವವರೆಗೆ ಯಾವ ದೇಶದ ಯಾವ ಚುಕ್ಕೆಯೂ ಮಾಲೀಕರ ಕೈಗೆ ಹೋಗಬಾರದು ಎಂದರು. "ಸಾಸ್ವೆಹಳ್ಳಿಗೆ ನಾನೇ ಬರುತ್ತೇನೆ. ನೋಡಿದ ಮೇಲೂ ದಂಡ ಅನ್ನಿಸಿದರೆ ದಂಡ ಎಂದೇ ಬರೆಯುತ್ತೇನೆ." ಸಾಸ್ವೆಹಳ್ಳಿ ಎಂಬ ಹೆಸರನ್ನು ಅವರು ನಾಲ್ಕು ತುಂಡು ಮಾಡಿ ಉಚ್ಚರಿಸಿದರು. ನನಗೆ ಅರ್ಧ ಜೀವ ಬಂತು. ಇನ್ನರ್ಧ ಅವರ ಆ ಕೊನೆಯ ವಾಕ್ಯದಲ್ಲೇ ಸಿಕ್ಕಿಕೊಂಡಿತು.

ಕಿರ್ಸ್ತಿ ಬಂದ ಬೆಳಿಗ್ಗೆ

ಸಂಕ್ರಾಂತಿ ಕಳೆದ ಮೇಲೆ ಅವರು ಬಂದರು. ಹೊನ್ನಾಳಿಯಲ್ಲಿ ಉಳಿದುಕೊಂಡರು. ಹಾಲಮ್ಮನಿಗೆ ಸುದ್ದಿ ಮುಟ್ಟಿಸಿ, ದಿನಾ ಹೆಂಗಿರ್ತೀಯೋ ಹಂಗೇ ಇರು ಎಂದಿದ್ದೆ. ಅವಳ ಪಕ್ಕದ ಮನೆಯವರು ಅಷ್ಟಕ್ಕೇ ಬಿಡಲಿಲ್ಲ. "ನಾವೆಲ್ಲ ಹತ್ತಿ ಮುಂದಿನ ಸ್ಟಾಪಲ್ಲಿ ಇಳ್ಕಂತೀವಿ ಬಿಡ್ರಿ ಮೇಡಂ, ತಲೆ ಲೆಕ್ಕ ಸಿಕ್ರೆ ಆತಲ್ಲ," ಎಂದು ತಯಾರಾಗಿದ್ದರು. ಕೈಮುಗಿದು ಮನೆಗೆ ಕಳಿಸಬೇಕಾಯಿತು.

ತಿರುವಿನಲ್ಲಿ ಕಿರ್ಸ್ತಿ ತಮ್ಮ ದೇಶದ ಅಂತರ ಬಿಟ್ಟುಕೊಂಡು ನಿಂತರು. ಕೈಯಲ್ಲಿ ತಲೆ ಎಣಿಸುವ ಪುಟ್ಟ ಗುಂಡಿಯ ಯಂತ್ರ, ಒತ್ತಿದರೆ ಅಂಕಿ ಏರುವಂಥದ್ದು. ಹಾಲಮ್ಮ ಕ್ಯಾರಿಯರ್‌ಗಳನ್ನು ಹೊತ್ತು ಬಂದಳು. ಎಂದೂ ತಡ ಮಾಡದವಳು ಅಂದು ಗಾಬರಿಯಲ್ಲಿ ತಡ ಮಾಡಿಕೊಂಡಿದ್ದಳು, ಸೆರಗು ಎಲ್ಲೋ, ಉಸಿರು ಎಲ್ಲೋ. ಹಿಂದೆಯೇ ಬಸ್ಸಿನ ಹಾರನ್ನು ಕೇಳಿತು.

"ಅಯ್ಯೋ, ಬಂದೇಬಿಡ್ತು!" ಎಂದವಳು ಎದುರಿಗಿರುವುದು ಯಾರು ಏನು ಎಂದು ನೋಡಲಿಲ್ಲ. ಎರಡು ಕ್ಯಾರಿಯರ್‌ಗಳನ್ನು ಕಿರ್ಸ್ತಿಯ ಕೈಗೆ ತುರುಕಿದಳು. "ಹಿಡ್ಕಳ್ರಿ ಅಮ್ಮಾ, ತಳ ಬಿಸಿ ಐತೆ, ಹುಷಾರು. ಮೇಲಕ್ಕೆ ಕೊಡ್ರಿ, ಕೊಡ್ರಿ!"

ಕಿರ್ಸ್ತಿಗೆ ಒಂದಕ್ಷರ ಅರ್ಥವಾಗಿರಲಿಕ್ಕಿಲ್ಲ. ಎಣಿಸುವ ಯಂತ್ರವನ್ನು ಕೋಟಿನ ಜೇಬಿಗೆ ಹಾಕಿಕೊಂಡು ಕ್ಯಾರಿಯರ್‌ಗಳನ್ನು ಮೇಲಕ್ಕೆತ್ತಿ ಹಿಡಿದರು. ಪರಮೇಶಪ್ಪ ಕೈ ಚಾಚಿ ತೆಗೆದುಕೊಂಡ. ಹಾಲಮ್ಮ ಇನ್ನೊಂದು ಕೊಟ್ಟಳು, ಕಿರ್ಸ್ತಿ ಮೇಲಕ್ಕೆ ಕೊಟ್ಟರು. ಮತ್ತೊಂದು, ಮತ್ತೊಂದು. ಕೊನೆಯದು ಹೋಗುವಾಗ ಪರಮೇಶಪ್ಪ, "ಏನ್ ಹಾಲಮ್ಮ, ಹೊಸ ಆಳು ಇಟ್ಕಂಡೆಯಾ?" ಎಂದು ಕೇಳಿ ಗೇರು ಹಾಕಿದ. ಆಗ ಹಾಲಮ್ಮ ತಿರುಗಿ ನೋಡಿ, ಯಾರ ಕೈಯಲ್ಲಿ ಕೆಲಸ ಮಾಡಿಸಿದೆ ಎಂದು ತಿಳಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಬಸ್ಸು ಹೋಯಿತು. ಕಿರ್ಸ್ತಿ ಜೇಬಿನಿಂದ ಯಂತ್ರ ತೆಗೆದು ನೋಡಿದರು. ಅದರಲ್ಲಿ ಸೊನ್ನೆ ಇತ್ತು. ಅದನ್ನು ಮತ್ತೆ ಜೇಬಿಗೆ ಹಾಕಿದರು. ಹಾಲಮ್ಮ ನನ್ನ ತೋಳು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ನಾನು ಇನ್ನೂ ಒಂದು ವಾರ ಹೊನ್ನಾಳಿಯಲ್ಲಿ ಇರುತ್ತೇನೆ," ಎಂದರು ಕಿರ್ಸ್ತಿ ಕೊನೆಗೆ. "ನಾಳೆಯಿಂದ ಈ ಬಸ್ಸಿನಲ್ಲಿ ನನಗೂ ಒಂದು ಊಟ ಕಳಿಸಲು ಆಗುತ್ತದೆಯೇ, ಕೇಳಿ."

ಅದನ್ನು ನಾನು ಕನ್ನಡಕ್ಕೆ ತಂದು ಹೇಳಿದೆ. ಹಾಲಮ್ಮ ಕೇಳಿಸಿಕೊಂಡಳು. ನನ್ನ ತೋಳು ಬಿಟ್ಟು, ಸೆರಗು ಸರಿಮಾಡಿಕೊಂಡು, ಕಿರ್ಸ್ತಿಯನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ಅಳೆದು ನೋಡಿದಳು.

"ಕಳ್ಸಾನ, ಅದಕ್ಕೇನು," ಎಂದಳು. "ಖಾರ ತಡ್ಕಂತಾರೇನು, ಅದನ್ ಕೇಳ್ರಿ ಮೊದ್ಲು."